ಲೆಕ್ಕದ ಕೆಲಸ ಬಿಟ್ಟು ಹೊರಡುವವರಿಗೆ: ಎಂಬಿಎಯೋ, ಸರ್ಟಿಫಿಕೇಟ್ ಪರೀಕ್ಷೆಯೋ?

ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ ಗಡುವು ಮುಗಿಯಿತೆಂದರೆ ದಾವಣಗೆರೆಯ ಆಡಿಟರ್ ಆಫೀಸುಗಳಲ್ಲಿ ಒಂದು ಮಾತು ಏಳುತ್ತದೆ. ರಾತ್ರಿ ಹತ್ತರವರೆಗೆ ಕೂತ ಬೆನ್ನು ಇನ್ನೂ ನೋಯುತ್ತಿರುತ್ತದೆ. ಅಷ್ಟರಲ್ಲೇ 11ನೇ ತಾರೀಕಿನ ಜಿಎಸ್‌ಟಿಆರ್-1, 20ರ 3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳು ಮತ್ತೆ ಬಂದು ನಿಂತಿರುತ್ತವೆ. ಇದನ್ನೇ ಇನ್ನು ಮೂವತ್ತು ವರ್ಷ ಮಾಡಬೇಕಾ ಅನ್ನಿಸಿದವರು ಫೋನಿನಲ್ಲಿ ಹುಡುಕುವುದು ಸಾಮಾನ್ಯವಾಗಿ ಎರಡನ್ನೇ: ಎಂಬಿಎ, ಇಲ್ಲವೇ ಸಿಎಫ್‌ಎ (ಹೂಡಿಕೆ), ಸಿಎಂಎ (ವೆಚ್ಚ ಮತ್ತು ನಿರ್ವಹಣೆಯ ಲೆಕ್ಕ), ಸಿಐಎಸ್‌ಎ (ಕಂಪ್ಯೂಟರ್ ವ್ಯವಸ್ಥೆಗಳ ಆಡಿಟ್) ಯಂಥ ಒಂದು ಸರ್ಟಿಫಿಕೇಟ್. ನನ್ನ ಹತ್ತಿರ ಬರುವವರ ಜೊತೆ ಮಾತು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ.

"ಅಕ್ಕಾ, ಎಂಬಿಎ ಮಾಡ್ಲೋ, ಸಿಎಫ್‌ಎ ಮಾಡ್ಲೋ?"

"ಮಾಡಿ ಎಲ್ಲಿಗೆ ಹೋಗ್ಬೇಕು ಅಂತಿದೀಯಪ್ಪ?"

"ಎಲ್ಲಿಗಾದ್ರೂ ಸರಿ ಅಕ್ಕ, ಇಲ್ಲಿಂದ ಬಿಟ್ರೆ ಸಾಕಾಗಿದೆ."

ತಪ್ಪು ಆಯ್ಕೆ ಹುಟ್ಟುವುದು ಈ ಉತ್ತರದಿಂದಲೇ. ಎಂಬಿಎ ಮತ್ತು ಸರ್ಟಿಫಿಕೇಟ್ ಒಂದೇ ಊರಿಗೆ ಹೋಗುವ ಎರಡು ದಾರಿಗಳಲ್ಲ. ಹೋಗುವ ಊರು ಯಾವುದೆಂದು ಗೊತ್ತಾಗದೆ ಇವೆರಡನ್ನು ಹೋಲಿಸಲು ಬರುವುದೇ ಇಲ್ಲ.

ಬೇಸರ ಯಾವುದರ ಮೇಲೆ?

ಕೆಲವರಿಗೆ ಬೇಸರ ಇರುವುದು ಅಂಕಿಗಳ ಮೇಲಲ್ಲ, ವೋಚರ್ ಟಿಕ್ ಮಾಡುವುದರ ಮೇಲೆ. ಒಂದು ಅಕ್ಕಿ ಗಿರಣಿಯ ಬ್ಯಾಲೆನ್ಸ್ ಶೀಟ್ ಮುಂದಿಟ್ಟರೆ ಸ್ಟಾಕು ಯಾಕೆ ಏರಿತು, ಸಾಲಗಾರರ ಬಾಕಿ ಯಾಕೆ ನಿಂತಿತು ಎಂದು ಕೆದಕಲು ಇವರ ಕೈ ತುರಿಸುತ್ತದೆ. ಆದರೆ ಮಂಡಿಯವರು ಚೀಲದಲ್ಲಿ ತುಂಬಿ ತಂದ ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿಗೆ ಏರಿಸುವುದು ಮಾತ್ರ ಸಾಕಾಗಿದೆ. ಇಂಥವರಿಗೆ ಎಂಬಿಎ ಬೇಕಾಗಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅವರು ಬಿಡಬೇಕಾದದ್ದು ಪುಸ್ತಕ ಬರೆಯುವ ಕೆಲಸ, ಲೆಕ್ಕದ ಬುದ್ಧಿಯನ್ನಲ್ಲ. ಬಜೆಟ್ ಮತ್ತು ಹಣಕಾಸು ವಿಶ್ಲೇಷಣೆ, ಬ್ಯಾಂಕಿನ ಸಾಲ ಪರಿಶೀಲನೆ, ಇಂಟರ್ನಲ್ ಆಡಿಟ್, ರಿಸ್ಕ್, ಸಿಸ್ಟಮ್ ಆಡಿಟ್, ಷೇರು ಸಂಶೋಧನೆ, ದೊಡ್ಡ ಕಂಪನಿಗಳು ಬಳಸುವ ಎಸ್‌ಎಪಿ ಸಾಫ್ಟ್‌ವೇರಿನ ಕನ್ಸಲ್ಟಿಂಗ್ ಇವೆಲ್ಲ ಲೆಕ್ಕದ ಮನೆಯ ಪಕ್ಕದ ಕೋಣೆಗಳು. ಅಲ್ಲಿಗೆ ದಾಟಲು ಸರಿಯಾದ ಒಂದು ಸರ್ಟಿಫಿಕೇಟ್ ಸಾಕು.

ಇನ್ನು ಕೆಲವರಿಗೆ ಅಂಕಿಯೇ ಬೇಡ. ಮಾರಾಟ, ಮಾರ್ಕೆಟಿಂಗ್, ಎಚ್‌ಆರ್, ಪ್ರಾಡಕ್ಟ್ ಮ್ಯಾನೇಜ್‌ಮೆಂಟ್, ಜನರ ಜೊತೆ ಓಡಾಡುವ ಕೆಲಸ ಬೇಕು. ಇಲ್ಲಿ ಯಾವ ಫೈನಾನ್ಸ್ ಸರ್ಟಿಫಿಕೇಟೂ ಉಪಯೋಗಕ್ಕೆ ಬಾರದು. ಐದು ವರ್ಷ ಆಡಿಟ್ ಮಾಡಿದವರ ಅರ್ಜಿಯನ್ನು ಮಾರ್ಕೆಟಿಂಗ್ ಕೆಲಸಕ್ಕೆ ಕಳಿಸಿದರೆ ಅದನ್ನು ತೆರೆದು ನೋಡುವವರು ಕಡಿಮೆ. ಹಳೆಯ ಗುರುತು ಅಳಿಸಿ ಹೊಸದಾಗಿ ಸಾಲಿನಲ್ಲಿ ನಿಲ್ಲಿಸುವ ಶಕ್ತಿ ಇರುವುದು ಕ್ಯಾಂಪಸ್ ಆಯ್ಕೆ ನಡೆಯುವ ಒಳ್ಳೆಯ ಎಂಬಿಎ ಶಾಲೆಗೆ ಮಾತ್ರ.

ಮೂರನೆಯವರೂ ಇದ್ದಾರೆ. ಇವರ ಬೇಸರ ಸಂಬಳದ ಮೇಲೆ, ಅಥವಾ ಭಾನುವಾರವೂ ಬಾ ಎನ್ನುವ ಯಜಮಾನರ ಮೇಲೆ. ಇವರು ಎರಡನ್ನೂ ಮಾಡಬೇಕಿಲ್ಲ, ಮೊದಲು ಆಫೀಸು ಬದಲಿಸಬೇಕು. ಹರಿಹರದ ಕಡೆಯ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೋ, ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳು ತೆರೆದಿರುವ ದೊಡ್ಡ ಸೇವಾ ಕೇಂದ್ರಗಳಲ್ಲಿ ಒಂದಕ್ಕೋ ಸೇರಿ ಆರು ತಿಂಗಳು ನೋಡಲಿ. ಆಮೇಲೂ ಲೆಕ್ಕ ಬೇಡ ಅನ್ನಿಸಿದರೆ ಆ ಬೇಸರ ನಿಜ.

ಎಂಬಿಎ: ಶಾಲೆ ಯಾವುದು ಅನ್ನುವುದೇ ಮುಖ್ಯ

ಸಿಎ ಪಾಸಾದವರು ಜಗಳೂರಿನ ಹಳ್ಳಿಯಲ್ಲಿ ಕೂತು ಓದಿದರೂ, ಬೆಂಗಳೂರಿನಲ್ಲಿ ಓದಿದರೂ ಪದವಿ ಒಂದೇ. ಎಂಬಿಎ ಹಾಗಲ್ಲ. 1973ರಲ್ಲಿ ಶುರುವಾದ ಐಐಎಂ ಬೆಂಗಳೂರಿನ ಎಂಬಿಎಗೂ ಹೆಸರೇ ಕೇಳಿರದ ಕಾಲೇಜಿನ ಎಂಬಿಎಗೂ ಪಠ್ಯದಲ್ಲಿ ಅಷ್ಟೇನೂ ಅಂತರ ಇರಲಿಕ್ಕಿಲ್ಲ. ಆದರೆ ಆಯ್ಕೆಗೆ ಬರುವ ಕಂಪನಿಗಳು, ಪಕ್ಕದಲ್ಲಿ ಕೂರುವ ಸಹಪಾಠಿಗಳು, ಮುಂದೆ ಫೋನ್ ಎತ್ತುವ ಹಳೆಯ ವಿದ್ಯಾರ್ಥಿಗಳು ಎಲ್ಲ ಬೇರೆ. ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದು ಇದಕ್ಕೇ.

ಐಐಎಂಗಳ ಬಾಗಿಲು ಕ್ಯಾಟ್ ಪರೀಕ್ಷೆ. ಪದವಿಯಲ್ಲಿ ಶೇ 50 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಶೇ 45. ಪರೀಕ್ಷೆ ಎರಡು ಗಂಟೆಯದು: ಇಂಗ್ಲಿಷ್ ಓದು, ದತ್ತಾಂಶ ಮತ್ತು ತರ್ಕ, ಗಣಿತ ಎಂಬ ಮೂರು ಭಾಗಗಳಿಗೆ ತಲಾ 40 ನಿಮಿಷ. ಗಣಿತ ಬಹುಪಾಲು ಹೈಸ್ಕೂಲು ಮಟ್ಟದ್ದೇ, ಲೆಕ್ಕದ ಕೆಲಸ ಮಾಡಿದವರಿಗೆ ಅಭ್ಯಾಸದಿಂದ ಒಗ್ಗುತ್ತದೆ. ನಮ್ಮ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಎಡವುವುದು ಇಂಗ್ಲಿಷ್ ಓದಿನಲ್ಲಿ. ಅದು ಮೂರು ತಿಂಗಳ ಕೋಚಿಂಗಿಗೆ ಬಗ್ಗುವಂಥದ್ದಲ್ಲ. ವರ್ಷ ಮುಂಚೆಯೇ ದಿನಕ್ಕೊಂದು ದೀರ್ಘ ಲೇಖನ ಓದುವ ರೂಢಿ ಮಾಡಿಕೊಂಡವರು ದಾಟುತ್ತಾರೆ.

ಕೋಚಿಂಗಿಗೆ ದುಡ್ಡು ಕಟ್ಟುವ ಮೊದಲು ನಿಮ್ಮ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಗಳನ್ನು ತೆಗೆದು ನೋಡಿ. ಐಐಎಂ ಬೆಂಗಳೂರಿನಂಥ ಕೆಲವು ಶಾಲೆಗಳು ಆಯ್ಕೆಯಲ್ಲಿ ಆ ಹಳೆಯ ಅಂಕಗಳಿಗೂ ತೂಕ ಕೊಡುತ್ತವೆ. ಅವು ಕಡಿಮೆ ಇದ್ದರೆ ಬಾಗಿಲು ಮುಚ್ಚಿತು ಅಂತಲ್ಲ, ಯಾವ ಶಾಲೆಗೆ ಅರ್ಜಿ ಹಾಕಬೇಕು ಅನ್ನುವ ಪಟ್ಟಿ ಬದಲಾಗುತ್ತದೆ. ಎಂಜಿನಿಯರ್ ಅಲ್ಲದವರಿಗೆ ಕೆಲವು ಐಐಎಂಗಳು ಸ್ವಲ್ಪ ಹೆಚ್ಚು ಅಂಕ ಕೊಡುತ್ತವೆ, ಬಿಕಾಂ ಮಾಡಿದವರಿಗೆ ಅದು ಒಳ್ಳೆಯದೇ. ಸಂದರ್ಶನದಲ್ಲಿ ನಿಮ್ಮ ಕೆಲಸದ ಮೇಲೇ ಕೇಳುತ್ತಾರೆ. ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ದುಡಿಯುವ ಬಂಡವಾಳ ಸುಗ್ಗಿಯಲ್ಲಿ ಹೇಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಹೇಗೆ ಇಳಿಯುತ್ತದೆ ಎಂದು ಬಿಡಿಸಿ ಹೇಳಬಲ್ಲವರು ಅಲ್ಲಿ ಯಾರಿಗೂ ಕಡಿಮೆ ಇಲ್ಲ. ಎಪಿಎಂಸಿ ಯಾರ್ಡಿನ ಅನುಭವವನ್ನು ಮುಚ್ಚಿಡಬೇಡಿ.

ಒಂದು ತೊಡಕನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಕ್ಯಾಟ್ ನಡೆಯುವುದು ನವೆಂಬರ್ ಕೊನೆಯ ಭಾನುವಾರ. ಅದರ ತಯಾರಿ ಕಾವೇರುವ ಜುಲೈಯಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ರಿಟರ್ನ್ ಮತ್ತು ಆಡಿಟ್ ಸುಗ್ಗಿ. ಹಾಗಾಗಿ ಆಡಿಟರ್ ಆಫೀಸಿನವರು ಜನವರಿಯಲ್ಲೇ ಶುರುಮಾಡಿ ಜೂನ್ ಒಳಗೆ ಪಾಠ ಮುಗಿಸಿಕೊಂಡು, ಸುಗ್ಗಿಯಲ್ಲಿ ವಾರಕ್ಕೊಂದು ಮಾದರಿ ಪರೀಕ್ಷೆ ಬರೆಯುತ್ತ ಹೋಗುವುದೇ ಸರಿ.

ಅನುಭವ ಹೆಚ್ಚಿದ್ದವರಿಗೆ ಎರಡು ವರ್ಷದ ತರಗತಿ ಹೊಂದುವುದಿಲ್ಲ. ಅಲ್ಲಿನ ಕಂಪನಿಗಳು ಹೊಸಬರನ್ನು ಹುಡುಕಿಕೊಂಡು ಬಂದಿರುತ್ತವೆ, ಎಂಟು ವರ್ಷ ದುಡಿದವರನ್ನು ಎಲ್ಲಿ ಕೂರಿಸಬೇಕೆಂದು ಅವಕ್ಕೇ ತಿಳಿಯುವುದಿಲ್ಲ. ಇಂಥವರು ಐಐಎಂಗಳ ಒಂದು ವರ್ಷದ ಕಾರ್ಯಕ್ರಮಗಳನ್ನು, ಹೈದರಾಬಾದಿನ ಐಎಸ್‌ಬಿ ಎಂಬ ಬಿಸಿನೆಸ್ ಶಾಲೆಯನ್ನು ನೋಡಲಿ. ಐದು ವರ್ಷ ಚಾಲ್ತಿಯಲ್ಲಿರುವ ಜಿಮ್ಯಾಟ್ ಪ್ರವೇಶ ಪರೀಕ್ಷೆಯ ಅಂಕ ಅಲ್ಲಿಗೆ ಉಪಯೋಗಕ್ಕೆ ಬರುತ್ತದೆ.

ಇನ್ನು ನಮ್ಮೂರಿನ ಎಂಬಿಎ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಎಂಬಿಎ ವಿಭಾಗವಿದೆ. ಸರ್ಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಬರೆಯಬೇಕು. ಶುಲ್ಕ ದೊಡ್ಡ ಐಐಎಂಗಳ ಹತ್ತರಲ್ಲೊಂದು ಪಾಲೂ ಆಗದು. ಬಿಕಾಂ ಮುಗಿಸಿ ನೇರ ಬಂದ ಹುಡುಗ ಹುಡುಗಿಯರಿಗೆ, ಬ್ಯಾಂಕ್, ವಿಮೆ, ಹಣಕಾಸು ಕಂಪನಿಗಳ ಮೊದಲ ಕೆಲಸ ಹುಡುಕುವವರಿಗೆ, ಕೆಸೆಟ್ ಅಥವಾ ನೆಟ್ ಬರೆದು ಕಾಲೇಜಿನಲ್ಲಿ ಪಾಠ ಹೇಳಬೇಕೆನ್ನುವವರಿಗೆ ಇದು ಯೋಗ್ಯ ದಾರಿ. ಆದರೆ ಆರು ವರ್ಷದ ಆಡಿಟ್ ಅನುಭವ ಇದ್ದವರು, ಇರುವ ಸಂಬಳ ಬಿಟ್ಟು, ಊರಲ್ಲೇ ಎರಡು ವರ್ಷ ಎಂಬಿಎ ಮಾಡಿ ಅದೇ ಊರಿನ ಅದೇ ಸಂಬಳಕ್ಕೆ ಮರಳುವುದನ್ನು ನಾನು ಒಪ್ಪಲಾರೆ. ಪದವಿ ಬೇಕೇ ಬೇಕೆಂದರೆ ಕೆಲಸದಲ್ಲಿದ್ದುಕೊಂಡೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದಲೋ ಇಗ್ನೋದಿಂದಲೋ ದೂರಶಿಕ್ಷಣದಲ್ಲಿ ಮುಗಿಸಬಹುದು. ಬಡ್ತಿಗೆ ಸ್ನಾತಕೋತ್ತರ ಪದವಿ ಕೇಳುವ ಕಡೆ ಅದು ನಡೆಯುತ್ತದೆ, ಹೊಸ ಕ್ಷೇತ್ರಕ್ಕೆ ಹಾರಿಸುವುದಿಲ್ಲ. ಖಾಸಗಿಯವರ ಆನ್‌ಲೈನ್ ಎಂಬಿಎ ಆದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ ಮೂರೂ ಇವೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಸರ್ಟಿಫಿಕೇಟ್: ಕೆಲಸ ಯಾವುದು ಅನ್ನುವುದೇ ಮುಖ್ಯ

ಇಲ್ಲಿ ಶಾಲೆಯ ಹೆಸರಿನ ತಂಟೆಯಿಲ್ಲ. ಎಲ್ಲರಿಗೂ ಒಂದೇ ಪರೀಕ್ಷೆ. ಆದರೆ ಒಂದೊಂದು ಸರ್ಟಿಫಿಕೇಟೂ ಒಂದೊಂದೇ ಬಾಗಿಲು ತೆರೆಯುತ್ತದೆ. ಬಾಗಿಲು ತಪ್ಪಿದರೆ ಪಾಸಾದ ಕಾಗದ ಫೈಲಿನಲ್ಲೇ ಉಳಿಯುತ್ತದೆ.

ಹೆಚ್ಚು ಜನ ಕೇಳುವುದು ಸಿಎಫ್‌ಎ. ಇದು ಹೂಡಿಕೆಯ ಜಗತ್ತಿನದು: ಷೇರು ಸಂಶೋಧನೆ, ಫಂಡ್ ನಿರ್ವಹಣೆ, ಕಂಪನಿಗಳ ಮೌಲ್ಯಮಾಪನ. ಮೂರು ಹಂತ. ಒಂದೊಂದಕ್ಕೂ 300 ಗಂಟೆಗಿಂತ ಹೆಚ್ಚು ಓದಬೇಕೆಂದು ಸಂಸ್ಥೆಯೇ ಹೇಳುತ್ತದೆ. ಬೆಳಿಗ್ಗೆ ಐದಕ್ಕೆದ್ದು ದಿನಕ್ಕೆರಡು ಗಂಟೆ ಓದಿದರೆ ಅದು ಐದು ತಿಂಗಳು. ಮದುವೆ, ಹಬ್ಬ, ದುಗ್ಗಮ್ಮನ ಜಾತ್ರೆ, ಆಡಿಟ್ ಸುಗ್ಗಿ ಎಲ್ಲ ಕಳೆದರೆ ಎಂಟು ತಿಂಗಳು. ಮೊದಲ ಹಂತದಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಫೇಲಾಗಿ ಉಳಿದುಬಿಡುತ್ತಾರೆ. ಮೂರೂ ಹಂತ ಮೊದಲ ಸಲಕ್ಕೇ ಆದರೂ ಪರೀಕ್ಷಾ ಶುಲ್ಕವೇ ಸುಮಾರು ಮೂರು ಲಕ್ಷವಾಗುತ್ತದೆ, ಡಾಲರ್ ಏರಿದರೆ ಇನ್ನೂ ಮೇಲೆ. ಪಾಸ್‌ಪೋರ್ಟ್ ಇಲ್ಲದೆ ನೋಂದಣಿ ಆಗದು. ಅಷ್ಟೂ ಮುಗಿಸಿದ ಮೇಲೆ ಚಾರ್ಟರ್ ಸಿಗಲು 4,000 ಗಂಟೆಯ ಸಂಬಂಧಪಟ್ಟ ಅನುಭವ, ಅದೂ ಕನಿಷ್ಠ 36 ತಿಂಗಳಲ್ಲಿ ಹರಡಿದ್ದು ಬೇಕು. ಈ ಕೆಲಸಗಳು ಇರುವುದು ಮುಂಬೈಯಲ್ಲಿ, ಒಂದಷ್ಟು ಬೆಂಗಳೂರಿನಲ್ಲಿ. ದಾವಣಗೆರೆ ಬಿಡಲಾಗದವರು ಸಿಎಫ್‌ಎಗೆ ಇಳಿಯುವ ಮೊದಲು ಎರಡು ಸಲ ಯೋಚಿಸಬೇಕು. ಒಂದು ಒಳ್ಳೆಯದಿದೆ: ಮೊದಲ ಹಂತ ವರ್ಷಕ್ಕೆ ನಾಲ್ಕು ಸಲ ನಡೆಯುತ್ತದೆ. ಫೆಬ್ರವರಿಯ ಸರದಿ ನಮ್ಮ ಕ್ಯಾಲೆಂಡರಿಗೆ ಚೆನ್ನಾಗಿ ಕೂರುತ್ತದೆ.

ಸಿಎಂಎ ಹೆಸರಿನಲ್ಲಿ ಎರಡು ಬೇರೆ ಪರೀಕ್ಷೆಗಳಿವೆ, ಗೊಂದಲ ಬೇಡ. ಭಾರತದ್ದು 1959ರ ಕಾಯ್ದೆಯ ಸಂಸ್ಥೆಯದು, ಮೂರು ಹಂತ, ಕಾಸ್ಟ್ ಆಡಿಟಿಗೆ, ಅಂದರೆ ಕಂಪನಿಯ ತಯಾರಿಕಾ ವೆಚ್ಚದ ಆಡಿಟಿಗೆ, ಸಹಿ ಹಾಕುವ ಹಕ್ಕು ಬರುತ್ತದೆ. ಅಮೆರಿಕದ್ದು ಎರಡೇ ಭಾಗ, ತಲಾ ನಾಲ್ಕು ಗಂಟೆ, 500ಕ್ಕೆ 360 ಬಂದರೆ ಪಾಸು, ಜೊತೆಗೆ ಎರಡು ವರ್ಷ ಅನುಭವ. ಇಲ್ಲಿ ಅದರಿಂದ ಸಹಿಯ ಹಕ್ಕು ಬಾರದು. ಆದರೆ ಬೆಂಗಳೂರಿನ ವಿದೇಶಿ ಕಂಪನಿಗಳ ಬಜೆಟ್, ವಿಶ್ಲೇಷಣೆ ವಿಭಾಗಗಳಲ್ಲಿ ಅದಕ್ಕೆ ಬೆಲೆ ಇದೆ. ವೋಚರ್ ಬೇಡ, ಅಂಕಿ ಬೇಕು ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಕಂಪ್ಯೂಟರ್ ಕಡೆ ಒಲವಿರುವ ಆಡಿಟ್ ಹುಡುಗರಿಗೆ ಸಿಐಎಸ್‌ಎ ಇದೆ. 150 ಪ್ರಶ್ನೆ, ನಾಲ್ಕು ಗಂಟೆ, 200ರಿಂದ 800ರ ಅಳತೆಯಲ್ಲಿ 450 ಬಂದರೆ ಪಾಸು. ಪ್ರಮಾಣಪತ್ರಕ್ಕೆ ಐದು ವರ್ಷ ಅನುಭವ ಬೇಕು, ಓದು ಮತ್ತಿತರ ಆಧಾರದ ಮೇಲೆ ಗರಿಷ್ಠ ಮೂರು ವರ್ಷದವರೆಗೆ ವಿನಾಯಿತಿ ಸಿಗಬಹುದು. ಪರೀಕ್ಷೆ ಮೊದಲು ಬರೆದು ಅನುಭವ ಆಮೇಲೆ ಕೂಡಿಸಿಕೊಳ್ಳಲು ಅವಕಾಶವಿದೆ. ಆಡಿಟಿನಲ್ಲಿ ಕಲಿತ ಅನುಮಾನ ಪಡುವ ಬುದ್ಧಿ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಎಸ್‌ಎಪಿ ಕಲಿಯುವವರು ಒಂದು ನೆನಪಿಡಿ, ಅಲ್ಲಿ ಕಾಗದಕ್ಕಿಂತ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಿದ್ದೇ ಲೆಕ್ಕ. ಪ್ರಾಜೆಕ್ಟ್ ನಿರ್ವಹಣೆಯ ಪಿಎಂಪಿ ಸರ್ಟಿಫಿಕೇಟ್ ಬೇಡ, ಪದವೀಧರರಿಗೂ ಮೂರು ವರ್ಷ ಪ್ರಾಜೆಕ್ಟ್ ನಡೆಸಿದ ಅನುಭವ ಕೇಳುತ್ತದೆ.

ದುಡ್ಡಿನ ಲೆಕ್ಕ

ಊರವರ ಪುಸ್ತಕ ಬರೆಯುವವರು ತಮ್ಮ ಸ್ವಂತದ ಈ ಪುಟವನ್ನು ಬರೆಯದೆ ಬಿಡಬಾರದು. ಹಳೆಯ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕ ₹20 ಲಕ್ಷ ದಾಟಿದೆ. ತಿಂಗಳಿಗೆ ₹25,000 ಸಂಬಳದ ಕೆಲಸ ಬಿಟ್ಟು ಹೋದರೆ ಎರಡು ವರ್ಷದಲ್ಲಿ ಬಾರದೆ ಹೋಗುವ ಸಂಬಳ ₹6 ಲಕ್ಷ. ₹20 ಲಕ್ಷ ಸಾಲವನ್ನು ಶೇ 10 ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸಿದರೆ ಕಂತು ತಿಂಗಳಿಗೆ ₹26,400 ಚಿಲ್ಲರೆ, ಓದುವಾಗ ಏರಿದ ಬಡ್ಡಿ ಬೇರೆ. ಒಳ್ಳೆಯ ಶಾಲೆಯಾದರೆ ಈ ಕಂತು ಹೆದರಿಸುವಂಥದ್ದಲ್ಲ. ಸಾಧಾರಣ ಶಾಲೆಗೆ ಇದರ ಅರ್ಧದಷ್ಟೇ ಸಾಲ ಮಾಡಿದರೂ ಅದು ಅಪ್ಪನ ಅಡಿಕೆ ತೋಟದ ಮೇಲೆ ಬಂದು ಕೂರುತ್ತದೆ.

2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಮನೆಯ ವರಮಾನ ವರ್ಷಕ್ಕೆ ₹8 ಲಕ್ಷದೊಳಗಿದ್ದರೆ ₹10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯಧನಕ್ಕೂ ಅರ್ಜಿ ಹಾಕಬಹುದು. ನಿಮ್ಮ ಶಾಲೆ ಆ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಶಾಲೆಯ ಗುಣಮಟ್ಟ ಅಳೆಯಲೂ ಒಂದು ಒಳ್ಳೆಯ ದಾರಿ. ಪ್ಲೇಸ್‌ಮೆಂಟ್ ಕೇಳುವಾಗ ಸರಾಸರಿ ಸಂಬಳ ಕೇಳಬೇಡಿ. ಇಬ್ಬರಿಗೆ ಕೋಟಿ ಬಂದರೆ ಸರಾಸರಿ ಏರುತ್ತದೆ. ಸಾಲಿನ ಮಧ್ಯದಲ್ಲಿ ನಿಂತವರಿಗೆ ಎಷ್ಟು ಬಂತು, ಬಿಕಾಂ ಹಿನ್ನೆಲೆಯವರು ಯಾವ ಯಾವ ಕೆಲಸಕ್ಕೆ ಹೋದರು ಎಂದು ಕೇಳಿ.

ಸರ್ಟಿಫಿಕೇಟಿನಲ್ಲಿ ಸಂಬಳ ನಿಲ್ಲುವುದಿಲ್ಲ, ಸಾಲ ಮಾಡುವ ಪ್ರಮೇಯ ಕಡಿಮೆ. ಅಲ್ಲಿ ಖರ್ಚಾಗುವುದು ಬೆಳಗು ಮತ್ತು ಭಾನುವಾರ. ಮನೆಯಲ್ಲಿ ಸಣ್ಣ ಮಗು ಇರುವ ಹೆಣ್ಣುಮಕ್ಕಳು ನನ್ನನ್ನು ಕೇಳಿದಾಗ ನಾನು ಅವರ ಯಜಮಾನರನ್ನೂ ಅತ್ತೆಯನ್ನೂ ಕೂರಿಸಿಕೊಂಡು ಮಾತಾಡುತ್ತೇನೆ. ದಿನಕ್ಕೆ ಎರಡು ಗಂಟೆ ಅಡುಗೆಮನೆಯಿಂದ ಬಿಡಿಸಿಕೊಡುವವರು ಯಾರು ಎಂದು ಮೊದಲೇ ಗೊತ್ತಾಗಬೇಕು.

ಸಿಎ ಅರ್ಧಕ್ಕೆ ನಿಂತವರು

ಇವರ ಬಗ್ಗೆ ನನಗೆ ಹೆಚ್ಚು ಕಳಕಳಿ. ಮಧ್ಯದ ಹಂತ ಇಂಟರ್ ಆಗಿದೆ, ಆಡಿಟರ್ ಆಫೀಸಿನ ತರಬೇತಿಯಾದ ಆರ್ಟಿಕಲ್‌ಶಿಪ್ ಮುಗಿದಿದೆ, ಎರಡು ಗ್ರೂಪಿನ ಫೈನಲ್ ಕೈಗೆ ಸಿಗುತ್ತಿಲ್ಲ. ಪ್ರತಿ ಪತ್ರಿಕೆಗೆ ಶೇ 40 ಬಂದರೂ ಗ್ರೂಪಿನ ಒಟ್ಟು ಶೇ 50 ಕೂಡುವುದಿಲ್ಲ. ಮನೆಯವರು "ಅಷ್ಟು ಓದಿದೀಯ, ಇನ್ನೊಂದು ಸಲ ಕೂತ್ಕೋ" ಅನ್ನುತ್ತಾರೆ. ಮೂವತ್ತು ಸಮೀಪಿಸುತ್ತದೆ.

ಒಂದೇ ಗ್ರೂಪ್ ಬಾಕಿಯಿದ್ದು ಅಂಕ ಪ್ರತಿ ಸಲ ಏರುತ್ತಿದ್ದರೆ ಬೇರೇನನ್ನೂ ಯೋಚಿಸದೆ ಅದನ್ನೇ ಮುಗಿಸಿ. 2025ರಿಂದ ಫೈನಲ್ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ, ಕಾಯುವ ಕಾಲ ಕಡಿಮೆಯಾಗಿದೆ. ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಭಾರತದ ಸಿಎಂಎಗಳನ್ನು ಯುಜಿಸಿ 2021ರಲ್ಲಿ ಸ್ನಾತಕೋತ್ತರ ಪದವಿಗೆ ಸಮ ಎಂದು ಒಪ್ಪಿದೆ, ಹಾಗಾಗಿ ಆಮೇಲೆ ಪಾಠ ಹೇಳುವ, ಪಿಎಚ್‌ಡಿ ಮಾಡುವ ದಾರಿಯೂ ತೆರೆಯುತ್ತದೆ. ಆದರೆ ಎರಡೂ ಗ್ರೂಪ್ ಬಾಕಿಯಿದ್ದು ಅಂಕ ನಿಂತಲ್ಲೇ ನಿಂತಿದ್ದರೆ, ಓದು ವ್ಯರ್ಥವಾಯಿತೆಂದು ಕೊರಗುವುದು ಬಿಟ್ಟು ಆ ಓದನ್ನೇ ಬಳಸುವ ಕಡೆ ತಿರುಗಿ. ಅಮೆರಿಕದ ಸಿಎಂಎಯ ಬಹುಪಾಲು ವಿಷಯ ನೀವು ಆಗಲೇ ಓದಿದ್ದು. ಬಿಕಾಂ ಪದವಿ ಇದ್ದರೆ ಸಾಕು, ಒಂದು ವರ್ಷದಲ್ಲಿ ಮುಗಿಯುತ್ತದೆ. ಎರಡು ಸಲ ಫೇಲಾಗಿ ಕುಗ್ಗಿದ ಮನಸ್ಸಿಗೆ ಒಂದು ಪಾಸು ಬಹಳ ದೊಡ್ಡದು. ಇವರನ್ನು ಆತುರದಲ್ಲಿ ಡೊನೇಶನ್ ಎಂಬಿಎಗೆ ಸೇರಿಸುವ ತಂದೆತಾಯಿಗಳಲ್ಲಿ ನನ್ನ ವಿನಂತಿ, ಆರು ತಿಂಗಳು ತಡೆಯಿರಿ.

ಊರು ಬಿಡದವರಿಗೆ

ಎಲ್ಲರೂ ಹೊರಡಲಾಗದು. ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ಅಂಗಡಿ ಇದೆ, ಹೊಲ ಇದೆ. ಇಲ್ಲಿನ ಗಿರಣಿ ಮಾಲೀಕರಾಗಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಿನವರಾಗಲಿ ಎಂಬಿಎ ಇದೆಯಾ ಎಂದು ಕೇಳುವುದಿಲ್ಲ. "ಬ್ಯಾಂಕಿನಾಗೆ ಸಿಸಿ ಸಾಲದ ಲಿಮಿಟ್ ಹೆಚ್ಚು ಮಾಡಿಸ್ತೀಯಾ? ರೊಕ್ಕ ಎಲ್ಲಿ ಸಿಕ್ಕೊಂಡದೆ ಹೇಳ್ತೀಯಾ?" ಎಂದು ಕೇಳುತ್ತಾರೆ. ಪ್ರಾಜೆಕ್ಟ್ ರಿಪೋರ್ಟ್, ಬ್ಯಾಂಕ್ ಸಾಲದ ದಾಖಲೆ, ನಗದು ಹರಿವಿನ ಅಂದಾಜು ಮಾಡಿಕೊಡುವವರಿಗೆ ಇಲ್ಲಿ ಕೆಲಸ ಕಡಿಮೆಯಿಲ್ಲ. ಇನ್ನೊಂದು, ಮ್ಯೂಚುವಲ್ ಫಂಡ್ ಹಂಚಿಕೆ. ಷೇರುಪೇಟೆ ಶಿಕ್ಷಣದ ಸಂಸ್ಥೆ ಎನ್‌ಐಎಸ್‌ಎಂನ ಐದು-ಎ ಪರೀಕ್ಷೆ 100 ಪ್ರಶ್ನೆಯದು, ಎರಡು ಗಂಟೆ, ಶೇ 50 ಬಂದರೆ ಪಾಸು, ಮೂರು ವರ್ಷ ಚಾಲ್ತಿ. ಆಮೇಲೆ ಮ್ಯೂಚುವಲ್ ಫಂಡ್‌ಗಳ ಒಕ್ಕೂಟವಾದ ಆಂಫಿಯಿಂದ ಎಆರ್‌ಎನ್, ಅಂದರೆ ಹಂಚಿಕೆದಾರರ ನೋಂದಣಿ ಸಂಖ್ಯೆ. ರಿಟರ್ನ್ ಹಾಕಿಸಿಕೊಳ್ಳಲು ಬರುವವರ ನಂಬಿಕೆ ನಿಮ್ಮ ಮೇಲೆ ಆಗಲೇ ಇದೆ. ಮೊದಲ ಎರಡು ಮೂರು ವರ್ಷ ಕಮಿಷನ್ ತೀರಾ ಸಣ್ಣದು, ಹಾಗಾಗಿ ಕೈಯಲ್ಲಿರುವ ಕೆಲಸ ಬಿಟ್ಟು ಇಳಿಯಬೇಡಿ. ಆದರೆ ಇಡೀ ಪಟ್ಟಿಯಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಪರೀಕ್ಷಿಸಿ ನೋಡಬಹುದಾದ ದಾರಿ ಇನ್ನೊಂದಿಲ್ಲ.

ಇಷ್ಟಾಗಿಯೂ ತೀರ್ಮಾನ ಆಗದವರು ಹೀಗೆ ಮಾಡಿ. ಕೆಲಸ ಹುಡುಕುವ ತಾಣದಲ್ಲಿ ನೀವು ಮನಸಾರೆ ಮಾಡಬೇಕೆನ್ನುವ ಹುದ್ದೆಯ ಇಪ್ಪತ್ತು ಜಾಹೀರಾತು ತೆಗೆಯಿರಿ. ಟ್ಯಾಲಿ ತೆರೆಯುವ ಕೈಗೆ ಎಕ್ಸೆಲ್ ಹೊಸದಲ್ಲ: ಒಂದು ಕಾಲಂನಲ್ಲಿ ಅವರು ಕೇಳಿದ ಓದು, ಇನ್ನೊಂದರಲ್ಲಿ ಅನುಭವ, ಮತ್ತೊಂದರಲ್ಲಿ ಊರು. ಎಂಬಿಎ ಎಷ್ಟು ಸಲ ಬಂತು, ಅದರಲ್ಲಿ ಉನ್ನತ ಶಾಲೆಯದ್ದೇ ಬೇಕೆಂದವರು ಎಷ್ಟು, ಯಾವ ಸರ್ಟಿಫಿಕೇಟ್ ಎಷ್ಟು ಸಲ ಬಂತು ಎಣಿಸಿ. ಆ ಹುದ್ದೆಯಲ್ಲಿ ಈಗ ಇರುವ, ಮೊದಲು ಲೆಕ್ಕದ ಕೆಲಸ ಮಾಡಿದ್ದ ಇಬ್ಬರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಹದಿನೈದು ನಿಮಿಷ ಮಾತಾಡಿಸಿ. ಕೋಚಿಂಗಿನವರ ಕೌನ್ಸೆಲರ್ ಹತ್ತಿರ ಹೋಗುವುದು ಇದೆಲ್ಲ ಆದ ಮೇಲೆ.